ಮೂವತ್ತೈದರ ನಂತರದ ಬಸಿರು ಮತ್ತು ವಿಮೆಯ ಸಂಕೇತ

ಎಂ.ಎಸ್. ಓದು, ಎಚ್-1ಬಿ, ಗ್ರೀನ್ ಕಾರ್ಡಿನ ಕಾಯುವಿಕೆ, ಮನೆ ಸಾಲ ಎಲ್ಲ ಒಂದು ಹದಕ್ಕೆ ಬಂದ ಮೇಲೆ ಮಗು ಎನ್ನುವಷ್ಟರಲ್ಲಿ, ಅಮೆರಿಕದಲ್ಲಿರುವ ನಮ್ಮ ಹೆಣ್ಣುಮಕ್ಕಳಲ್ಲಿ ಹಲವರಿಗೆ ಮೂವತ್ತೈದು ಆಗಿರುತ್ತದೆ. ಮೊದಲ ತಪಾಸಣೆಯ ನಂತರ ಬರುವ ಕಾಗದಪತ್ರದಲ್ಲಿ ‘ಎಲ್ಡರ್ಲಿ ಪ್ರೈಮಿಗ್ರಾವಿಡಾ’ ಎಂದಿರುವುದು ಕಂಡು ಗಾಬರಿಯಾಗುವವರೂ ಇದ್ದಾರೆ. ಕನ್ನಡದಲ್ಲಿ ಹೇಳುವುದಾದರೆ ‘ವಯಸ್ಸಾದ ಚೊಚ್ಚಲ ಬಸುರಿ’!

ಇದು ಕಾಯಿಲೆಯ ಹೆಸರಲ್ಲ, ವಿಮೆಯವರಿಗೆ ಕಳಿಸುವ ಸಂಕೇತದ ವಿವರಣೆ. 2015ರ ಅಕ್ಟೋಬರ್ 1ರಂದು ಅಮೆರಿಕದಲ್ಲಿ ಜಾರಿಗೆ ಬಂದ ಐಸಿಡಿ-10 ಪಟ್ಟಿಯ ಪ್ರಕಾರ, ಹೆರಿಗೆಯ ನಿರೀಕ್ಷಿತ ದಿನಕ್ಕೆ ತಾಯಿಗೆ 35 ತುಂಬಿದ್ದರೆ ಚೊಚ್ಚಲಿಗೆ ಓ09.51, ನಂತರದ ಬಸಿರಿಗೆ ಓ09.52. ಕೊನೆಗೆ ಸೇರುವ 1, 2, 3 ಎಂಬ ಅಂಕಿ ಎಷ್ಟನೆಯ ತ್ರೈಮಾಸಿಕ ಎಂಬುದನ್ನು ತಿಳಿಸುತ್ತದೆ. ಮಾಮೂಲಿ ಬಸಿರಿಗೆ ಝಡ್34.

ಮೂವತ್ತೈದೇ ಏಕೆ? ಸೂಜಿಯಿಂದ ಗರ್ಭದ ನೀರು ತೆಗೆದು ನೋಡುವ ಪರೀಕ್ಷೆ 1970ರ ದಶಕದಲ್ಲಿ ಬಳಕೆಗೆ ಬಂದಾಗ, ಅದರಿಂದ ಗರ್ಭಪಾತವಾಗುವ ಅಪಾಯವನ್ನೂ ಮಗುವಿನಲ್ಲಿ ವರ್ಣತಂತು ದೋಷ ಸಿಗುವ ಸಾಧ್ಯತೆಯನ್ನೂ ತೂಗಿ ಎಳೆದ ಗೆರೆಯಿದು. ಡೌನ್ ಸಿಂಡ್ರೋಮ್ ಸಾಧ್ಯತೆ 25ರಲ್ಲಿ ಸುಮಾರು 1,250ಕ್ಕೆ ಒಂದು, 35ರಲ್ಲಿ 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ಅಪಾಯ ಮೆಲ್ಲನೆ ಏರುತ್ತದೆಯೇ ಹೊರತು ಹುಟ್ಟುಹಬ್ಬದ ದಿನ ಧುತ್ತೆಂದು ಎದುರಾಗುವುದಿಲ್ಲ.

ಪದ ಒರಟಾದರೂ ಸಂಕೇತದಿಂದ ಉಪಯೋಗವುಂಟು. ತಾಯಿಯ ರಕ್ತದಿಂದಲೇ ವರ್ಣತಂತು ದೋಷದ ಸುಳಿವು ನೋಡುವ ಪರೀಕ್ಷೆಯನ್ನು ಎಲ್ಲ ವಯಸ್ಸಿನವರಿಗೂ ನೀಡಬೇಕೆಂದು ಪ್ರಸೂತಿ ತಜ್ಞರ ಸಂಸ್ಥೆ ಎಕಾಗ್ 2020ರಲ್ಲಿ ಹೇಳಿತು. ಆದರೆ ವಿಮೆಯ ನಿಯಮಗಳು ಒಂದೇ ತೆರನಾಗಿಲ್ಲ. ವಯಸ್ಸಿನ ಸಂಕೇತ ಬಿಟ್ಟುಹೋದರೆ ಹಣ ನಿರಾಕರಿಸಬಹುದು. ಹಾಗಾದಲ್ಲಿ ಚೆಕ್ ಬರೆಯುವ ಮೊದಲು ಡಾಕ್ಟರ ಬಿಲ್ಲಿಂಗ್ ವಿಭಾಗಕ್ಕೆ ಫೋನ್ ಮಾಡಿ, ಯಾವ ಸಂಕೇತ ಹಾಕಿದ್ದಾರೆಂದು ಕೇಳೋಣ. ತಪ್ಪಿದ್ದರೆ ತಿದ್ದಿ ಮತ್ತೆ ಕಳಿಸುತ್ತಾರೆ. ಹೆಚ್ಚಿನ ವಿಮೆಗಳಲ್ಲಿ ಮೇಲ್ಮನವಿಗೆ 180 ದಿನಗಳ ಅವಕಾಶವಿದೆ. ರಕ್ತ ಕಳಿಸುವ ಲ್ಯಾಬ್ ನಮ್ಮ ವಿಮೆಯ ನೆಟ್‌ವರ್ಕಿನಲ್ಲಿದೆಯೇ ಎಂದು ಮೊದಲೇ ವಿಚಾರಿಸುವುದೂ ಒಳ್ಳೆಯದು.

ಡಾಕ್ಟರ ಬಳಿ ಕೇಳಲೇಬೇಕಾದ ಮಾತು ಎರಡು. ಚೊಚ್ಚಲು ಮತ್ತು 35 ದಾಟಿದ ವಯಸ್ಸು, ಇವೆರಡೂ ಬಸಿರಿನಲ್ಲಿ ರಕ್ತದೊತ್ತಡ ಏರುವ ಪ್ರೀಎಕ್ಲಾಂಪ್ಸಿಯಾದ ಅಪಾಯಸೂಚಿಗಳು. ಎರಡೂ ಇದ್ದವರಿಗೆ 12 ವಾರಗಳ ನಂತರ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಡುವ ಸಲಹೆ ಇದೆ. ನಮಗೂ ಬೇಕೇ? ಎರಡನೆಯದು, ಬಸಿರಿನ ಸಕ್ಕರೆ ಕಾಯಿಲೆ. ಅದು ಭಾರತೀಯ ಮೂಲದವರಲ್ಲಿ ಹೆಚ್ಚು. ಪರೀಕ್ಷೆಯನ್ನು ಬೇಗನೆ ಮಾಡಿಸಬೇಕೇ?

‘ಎಲ್ಡರ್ಲಿ’ ಎಂಬ ಪದ ಪಟ್ಟಿಯಿಂದ ಹೋಗಲಿ ಎಂಬುದೇ ನಮ್ಮ ಅಭಿಪ್ರಾಯ. ಎಕಾಗ್ ತನ್ನ 2022ರ ಮಾರ್ಗಸೂಚಿಗೆ ‘35 ಅಥವಾ ಹೆಚ್ಚಿನ ವಯಸ್ಸಿನ ಬಸಿರು’ ಎಂದು ಸರಳವಾಗಿಯೇ ಹೆಸರಿಟ್ಟಿದೆ. ಅಲ್ಲಿಯವರೆಗೆ, ಬಾಣಂತನಕ್ಕೆಂದು ಊರಿನಿಂದ ಬಂದ ಅಮ್ಮ, ಅತ್ತೆಯವರು ಆ ಕಾಗದ ನೋಡಿ ದಿಗಿಲುಬಿದ್ದರೆ ಇಷ್ಟನ್ನು ಅವರಿಗೂ ಬಿಡಿಸಿ ಹೇಳೋಣ.