ಗೋಡೆಯ ಬಿರುಕು: ಕಂಟ್ರಾಕ್ಟರನ್ನು ಕರೆಯುವ ಮುನ್ನ

ಮಳೆಗಾಲ ಮುಗಿದು ಮನೆಗೆ ಬಣ್ಣ ಬಳಿಯೋಣವೆಂದು ಹೊರಟಾಗಲೇ ಗೋಡೆಯ ಬಿರುಕುಗಳು ಕಣ್ಣಿಗೆ ಬೀಳುತ್ತವೆ. ಆಗ ಎರಡು ಬಗೆಯ ಸಲಹೆಗಾರರು ಸಿಗುತ್ತಾರೆ. "ಇದೇನೂ ಇಲ್ಲ, ಸಿಮೆಂಟ್ ಮೆತ್ತಿ ಬಣ್ಣ ಹೊಡೆದರಾಯ್ತು" ಎನ್ನುವವರು ಒಂದು ಕಡೆ. "ಪಂಚಾಂಗವೇ ಕುಸಿದಿದೆ, ತಡ ಮಾಡಿದರೆ ಮನೆ ಉಳಿಯದು" ಎಂದು ಹೆದರಿಸುವವರು ಇನ್ನೊಂದು ಕಡೆ. ಮನೆಯ ಯಜಮಾನ ಗಲ್ಫ್‌ನಲ್ಲಿದ್ದರೆ ಈ ಇಬ್ಬರ ನಡುವೆ ತೀರ್ಮಾನ ಕೈಗೊಳ್ಳಬೇಕಾದವಳು ಗೃಹಿಣಿಯೇ. ಮೊದಲನೆಯವರ ಮಾತು ಕೇಳಿದರೆ ಮನೆಗೆ ಅಪಾಯ. ಎರಡನೆಯವರ ಮಾತು ಕೇಳಿದರೆ ಮಗಳ ಮದುವೆಗೆಂದು ಕೂಡಿಟ್ಟ ಹಣ ಕರಗಬಹುದು, ಬಡ್ಡಿ ಸಾಲದ ಬಾಗಿಲು ತಟ್ಟುವಂತಾಗಬಹುದು.

ಹಾಗಾದರೆ ಏನು ಮಾಡಬೇಕು? ಔಷಧಿಗಿಂತ ಮೊದಲು ರೋಗ ಯಾವುದೆಂದು ತಿಳಿಯಬೇಕು.

ಎಲ್ಲ ಬಿರುಕುಗಳೂ ಅಪಾಯಕಾರಿಯಲ್ಲ. ಕೂದಲೆಳೆಯಂಥ ಬಿರುಕುಗಳು ಹೆಚ್ಚಾಗಿ ಸಾರಣೆ ಒಣಗುವಾಗ ಬಂದವು. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಏರುವ, ಕಲ್ಲಿನ ಸಂದುಗಳಲ್ಲಿ ಮೆಟ್ಟಿಲಿನಂತೆ ಸಾಗುವ, ಒಂದು ನಾಣ್ಯದ ಅಂಚು ಒಳಹೋಗುವಷ್ಟು ಅಗಲವಾದ ಬಿರುಕುಗಳ ಬಗ್ಗೆ ಎಚ್ಚರ ಬೇಕು. ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಬಿಗಿಯಾಗುವುದು, ನೆಲ ಒಂದು ಕಡೆಗೆ ವಾಲುವುದು, ಗೋಡೆ ಮತ್ತು ನೆಲದ ನಡುವೆ ಸಂದು ಕಾಣುವುದು ಇವೂ ಅಡಿಪಾಯದ ದೂರುಗಳೇ.

ಬಿರುಕು ಬೆಳೆಯುತ್ತಿದೆಯೇ ಎಂದು ನೀವೇ ನೋಡಬಹುದು. ಅದರ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಒಂದು ಕಡೆ ಬಣ್ಣ ಮತ್ತು ಸಾರಣೆ ಕೆರೆದು, ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗಳಲ್ಲಿ ಸಿಮೆಂಟಿನಿಂದ ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ತಿಂಗಳಿಗೊಂದು ಫೋಟೋ ತೆಗೆದಿಡಿ. ಆದರೆ ಬಿರುಕು ದಿನದಿನಕ್ಕೆ ಅಗಲವಾಗುತ್ತಿದ್ದರೆ ಅಥವಾ ಗೋಡೆ ವಾಲುತ್ತಿದ್ದರೆ ಕಾಯುತ್ತಾ ಕೂರಬೇಡಿ. ಆ ಕೋಣೆಯನ್ನು ಖಾಲಿ ಮಾಡಿ ತಕ್ಷಣ ಎಂಜಿನಿಯರನ್ನು ಕರೆಸಿ.

ಅಡಿಪಾಯದ ಕಾಯಿಲೆಗೆ ಬಹುಪಾಲು ಕಾರಣ ನೀರು. ಕರಾವಳಿಯಲ್ಲಿ ಮುರಕಲ್ಲಿನ ಕೆಳಗಿರುವ ಶೇಡಿ ಮಣ್ಣು ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಗದ್ದೆಗೆ ಮಣ್ಣು ತುಂಬಿ ಕಟ್ಟಿದ ಮನೆ ನಿಧಾನವಾಗಿ ಕೂರುತ್ತದೆ. ಆದ್ದರಿಂದ ಮೊದಲು ಮನೆಯ ಸುತ್ತ ಒಂದು ಸುತ್ತು ಬನ್ನಿ. ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ? ಬಚ್ಚಲಿನ ಪೈಪು ಸೋರುತ್ತಿದೆಯೇ? ಇಂಗುಗುಂಡಿ ಗೋಡೆಗೆ ತಾಗಿಕೊಂಡಿದೆಯೇ? ಪಕ್ಕದ ಜಾಗದಲ್ಲಿ ತಡೆಗೋಡೆ ಇಲ್ಲದೆ ಮಣ್ಣು ಕಡಿದಿದ್ದಾರೆಯೇ? ಕೆಲವೊಮ್ಮೆ ಒಂದು ಪೈಪು ಬದಲಿಸಿ, ಒಂದು ಚರಂಡಿ ಮಾಡಿದರೆ ದೊಡ್ಡ ಖರ್ಚೇ ತಪ್ಪೀತು.

ಈಗ ಮುಖ್ಯ ಮಾತಿಗೆ ಬರೋಣ. ಪರೀಕ್ಷೆ ಮಾಡುವವರು ಮತ್ತು ರಿಪೇರಿ ಮಾಡುವವರು ಬೇರೆ ಬೇರೆಯಾಗಿರಲಿ. "ಪುಕ್ಕಟೆಯಾಗಿ ನೋಡಿ ಹೇಳುತ್ತೇನೆ" ಎನ್ನುವ ಕಂಟ್ರಾಕ್ಟರಿಗೆ ಕೆಲಸ ದೊಡ್ಡದಾದಷ್ಟೂ ಲಾಭ. ಅವರು ಪ್ರಾಮಾಣಿಕರೇ ಇರಬಹುದು, ಆದರೂ ಅವರನ್ನು ಆ ಪರೀಕ್ಷೆಗೆ ಒಡ್ಡುವುದೇಕೆ? ಕಟ್ಟಡದ ಬಲವನ್ನು ಪರೀಕ್ಷಿಸುವ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಶುಲ್ಕ ಕೊಟ್ಟು ಲಿಖಿತ ವರದಿ ಪಡೆಯಿರಿ. ಯಾರೂ ಗೊತ್ತಿಲ್ಲದಿದ್ದರೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಅಗತ್ಯವಿದ್ದರೆ ಅವರು ಗೋಡೆಯ ಬುಡದಲ್ಲಿ ಗುಂಡಿ ತೋಡಿಸಿ ಮಣ್ಣನ್ನೂ ಅಡಿಪಾಯದ ಆಳವನ್ನೂ ನೋಡುತ್ತಾರೆ. ಆ ವರದಿಯನ್ನೇ ಮೂವರು ಕಂಟ್ರಾಕ್ಟರಿಗೆ ಕೊಟ್ಟು ದರ ಕೇಳಿ. ಆಗ ಎಲ್ಲರೂ ಒಂದೇ ಕೆಲಸಕ್ಕೆ ದರ ಹೇಳುತ್ತಾರೆ, ಹೋಲಿಕೆ ಸುಲಭ.

ಬರೇ ಕಡಿಮೆ ದರ ನೋಡಿ ಒಪ್ಪಬೇಡಿ. ಇಂಥದೇ ಕೆಲಸ ಹಿಂದೆ ಎಲ್ಲಿ ಮಾಡಿದ್ದೀರಿ ಎಂದು ಕೇಳಿ. ಎರಡು ಮಳೆಗಾಲ ಕಳೆದ ಮನೆಯೊಂದನ್ನು ನೋಡಿ, ಆ ಮನೆಯ ಹೆಂಗಸರೊಡನೆ ಮಾತಾಡಿ. ಹೊಸ ಮನೆ ಕಟ್ಟುವುದರಲ್ಲಿ ಪಳಗಿದವರೆಲ್ಲರೂ ಹಳೆ ಅಡಿಪಾಯ ಬಲಪಡಿಸಬಲ್ಲರು ಎಂದಿಲ್ಲ. ಅವರಿಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ: "ಗೋಡೆಯ ಕೆಳಗೆ ಹೇಗೆ ಅಗೆಯುತ್ತೀರಿ?" ಸರಿಯಾದ ಕ್ರಮದಲ್ಲಿ ಒಂದು ಮೀಟರಿನ ಆಸುಪಾಸಿನ ಸಣ್ಣ ಸಣ್ಣ ಭಾಗಗಳನ್ನು, ಒಂದಕ್ಕೊಂದು ತಾಗದಂತೆ ಬಿಟ್ಟು ಬಿಟ್ಟು ಅಗೆದು, ಕಾಂಕ್ರೀಟ್ ತುಂಬಿ ಗಟ್ಟಿಯಾದ ಮೇಲೆ ಮುಂದಿನದಕ್ಕೆ ಕೈ ಹಾಕುತ್ತಾರೆ. ಇಡೀ ಗೋಡೆಯ ಬುಡವನ್ನು ಒಮ್ಮೆಗೇ ತೋಡುತ್ತೇನೆ ಎನ್ನುವವರಿಗೆ ಸಲಾಂ ಹೇಳಿ ಕಳುಹಿಸಿಬಿಡಿ.

ಒಪ್ಪಂದ ಬರವಣಿಗೆಯಲ್ಲಿರಲಿ. "ನಮ್ಮವರೇ ಅಲ್ಲವೇ, ಕಾಗದ ಏಕೆ?" ಎಂಬ ಮಾತು ನಮ್ಮಲ್ಲಿ ಹೆಚ್ಚು. ಆದರೆ ನಿಶ್ಚಿತ ಅವಧಿಯ ಸಾಲದ ವ್ಯವಹಾರವನ್ನು, ಅದು ಚಿಕ್ಕದಿರಲಿ ದೊಡ್ಡದಿರಲಿ, ಬೇಸರಪಡದೆ ಬರೆದಿಡಬೇಕೆಂದೂ ಸಾಕ್ಷಿಗಳನ್ನು ಇಟ್ಟುಕೊಳ್ಳಬೇಕೆಂದೂ ಪವಿತ್ರ ಕುರ್‌ಆನ್ ಅಲ್ ಬಕರಃ ಅಧ್ಯಾಯದ 282ನೇ ವಚನದಲ್ಲಿ ಕಲಿಸುತ್ತದೆ. ಬರೆಯುವುದು ಸಂಶಯವಲ್ಲ, ಸಂಶಯಕ್ಕೆ ಬಾಗಿಲು ಮುಚ್ಚುವುದು. ಕೆಲಸದ ವಿವರ, ಸಿಮೆಂಟ್ ಮತ್ತು ಕಬ್ಬಿಣದ ಗುಣಮಟ್ಟ, ಅವಧಿ, ಹೆಚ್ಚುವರಿ ಕೆಲಸ ಬಂದರೆ ದರ, ಹಾನಿಯಾದರೆ ಹೊಣೆ ಯಾರದ್ದು, ಎಲ್ಲವೂ ಅದರಲ್ಲಿರಲಿ. ಸಹಿ ಹಾಕುವ ಮೊದಲು ಎಂಜಿನಿಯರಿಗೂ, ದೂರದಲ್ಲಿರುವ ಪತಿಗೂ ಅದರ ಫೋಟೋ ಕಳುಹಿಸಿ. ಕಂಟ್ರಾಕ್ಟರರೊಡನೆ ಮಾತಾಡುವಾಗ ಸಹೋದರನನ್ನೋ ಮಾವನನ್ನೋ ಜೊತೆಗೆ ಕೂರಿಸಿಕೊಳ್ಳಿ. ಆದರೆ ಲೆಕ್ಕ ನಿಮ್ಮ ಪುಸ್ತಕದಲ್ಲೇ ಇರಲಿ.

ಹಣವನ್ನು ಕೆಲಸ ಮುಗಿದ ಹಂತಕ್ಕೆ ತಕ್ಕಂತೆ, ರಶೀದಿ ಪಡೆದು ಕೊಡಿ. ಸ್ವಲ್ಪ ಭಾಗವನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಮೊದಲೇ ಬರೆದುಕೊಳ್ಳಿ. ಬರೆಯದೆ ಕೊನೆಗೆ ಹಿಡಿದಿಟ್ಟರೆ ಅದು ಅನ್ಯಾಯ. ಕೂಲಿಯಾಳಿನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆ ನಮ್ಮ ಅಂಗಳಕ್ಕೂ ಅನ್ವಯಿಸುತ್ತದೆ.

ಇಷ್ಟಾದರೂ ಮೋಸವಾದರೆ ಸುಮ್ಮನಿರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯ ಕೊರತೆಗೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆಗ ನಿಮ್ಮ ಪರವಾಗಿ ಮಾತಾಡುವುದು ಆ ವರದಿ, ಆ ಒಪ್ಪಂದ ಮತ್ತು ಆ ರಶೀದಿಗಳೇ.

ಸಹೋದರಿಯರೇ, ಮನೆ ಅಲ್ಲಾಹನು ಕೊಟ್ಟ ಅಮಾನತು. ಅದನ್ನು ಕಾಯಲು ಹೆದರಿಕೆಯೂ ಬೇಡ, ಉದಾಸೀನವೂ ಬೇಡ. ಒಂದು ಪೆನ್ಸಿಲು, ಒಂದು ನೋಟ್‌ಬುಕ್ ಮತ್ತು ಕೇಳುವ ಧೈರ್ಯ ಇದ್ದರೆ ಕೆಲಸ ಆರಂಭಿಸಬಹುದು.