ಮೊದ್ಲು 112, ಆಮೇಲೆ ರೀಲ್ಸ್

1/6
ದೋಸ್ತರ, ನೇರ ಹೇಳ್ತೀನಿ, ಸಿಟ್ಟು ಬಂದ್ರೂ ಪೂರ್ತಿ ಓದ್ರಿ. ರಸ್ತೆ ಮ್ಯಾಲೆ ಆಕ್ಸಿಡೆಂಟ್ ಆದ್ರ ನಾವು ಫಸ್ಟ್ ಮಾಡೋ ಕೆಲಸ ಏನು? ಕ್ಯಾಮೆರಾ ಆನ್! ಹತ್ತು ಮಂದಿ ನಿಂತಿದ್ರ ಹತ್ತೂ ಮೊಬೈಲ್ ಮ್ಯಾಲೆ ಎದ್ದಿರ್ತಾವ. ಅದ್ರಾಗ 112ಕ್ಕೆ ಹಚ್ಚಿದ್ದು ಎಷ್ಟು? "ಯಾರೋ ಮಾಡಿರ್ತಾರ ಬಿಡು" ಅಂತ ಎಲ್ಲಾರೂ ಅಂದ್ಕೊಂಡ್ರ ಯಾರೂ ಮಾಡಿರಂಗಿಲ್ಲ.

2/6
ಇಂಥ ನಂಬರ್ ಸುಮ್ನ ಬಂದಿದ್ದಲ್ಲ. 1935ರಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಒಂದು ಮನೆಗೆ ಬೆಂಕಿ ಬಿದ್ದು 5 ಹೆಣ್ಮಕ್ಕಳು ಸತ್ತರು. ನೆರೆಯವರು ಫೋನ್ ಮಾಡಿದ್ದರು, ಆದರೆ ಎಕ್ಸ್‌ಚೇಂಜಿನಲ್ಲಿ ಕರೆ ಕ್ಯೂನಲ್ಲಿ ಸಿಕ್ಕಿಕೊಂಡಿತ್ತು. ಅದಾದ ಮೇಲೆ 1937ರ ಜೂನ್ 30ಕ್ಕೆ 999 ಶುರುವಾಯ್ತು. ಅವತ್ತು ಮಂದಿ ಫೋನ್ ಮಾಡಿದ್ರು, ಎತ್ತೋರು ಇರಲಿಲ್ಲ. ಇವತ್ತು ಎತ್ತೋರು ಅದಾರ, ಮಾಡೋರ ಇಲ್ಲ!

3/6
112 ಅಂದ್ರ ಪೊಲೀಸ್, ಫೈರ್, ಆಂಬುಲೆನ್ಸ್ ಮೂರಕ್ಕೂ ಒಂದೇ ನಂಬರ್. ದುಡ್ಡು ಕೊಡೋದಿಲ್ಲ. ಕರ್ನಾಟಕದಾಗ ಆಂಬುಲೆನ್ಸಿಗೆ 2008ರ ನವೆಂಬರ್ 1ರಿಂದ 108 ಕೂಡ ಐತಿ. ಹೈವೇಗೆ 1033. ಆದ್ರ ಒಂದು ತಿಳ್ಕೊರಿ: ಫೋನ್ ಎತ್ತೋರು ನಮ್ಮೂರವರಲ್ಲ, ಬೆಂಗಳೂರಿನ ಕಂಟ್ರೋಲ್ ರೂಮಿನವರು. "ರಿತ್ತಿ ಹತ್ರ" ಅಂದ್ರ ಹೊಸರಿತ್ತಿನೋ ಹಳೇರಿತ್ತಿನೋ ಅವರಿಗೆ ಹೆಂಗ ಗೊತ್ತಾಗ್ಬೇಕು? ಜಿಲ್ಲೆ, ತಾಲ್ಲೂಕು, ಊರು, ಒಂದು ಗುರುತು ಹೇಳ್ರಿ: "ಹಾವೇರಿ ತಾಲ್ಲೂಕು ಹೊಸರಿತ್ತಿ, ಗಾಂಧಿ ಗ್ರಾಮೀಣ ಗುರುಕುಲದ ಹತ್ರ." ಹೈವೇ ಆದ್ರ ಕಿಲೋಮೀಟರ್ ಕಲ್ಲು ನೋಡ್ರಿ, ಹುಬ್ಬಳ್ಳಿ ಕಡೆ ಹೋಗೋ ಬದಿನೋ ದಾವಣಗೆರೆ ಕಡೆ ಹೋಗೋ ಬದಿನೋ ಅದನ್ನೂ ಹೇಳ್ರಿ.

4/6
2024ರ ಜೂನ್ 28ರ ನಸುಕಿನಾಗ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ರ ನಿಂತ ಲಾರಿಗೆ ಟಿಟಿ ಗುದ್ದಿ 13 ಮಂದಿ ತೀರಿಕೊಂಡರು. ನೆನಪೈತಲ್ಲ? ಹಂಗಾರ ಅನಾಹುತ ಆದಮೇಲೆ ಮಾತ್ರ ಫೋನ್ ಮಾಡೋದು ಯಾಕ? ಕತ್ತಲಾಗ ಲೈಟ್ ಇಲ್ದ ನಿಂತ ಲಾರಿ ಕಂಡ್ರೂ 112 ಇಲ್ಲಾ 1033ಕ್ಕೆ ಹಚ್ರಿ.

5/6
"ಕೇಸಿನಾಗ ಸಿಕ್ಕೊಂತೀವಿ, ಕೋರ್ಟಿಗೆ ಅಡ್ಡಾಡ್ಬೇಕು" ಅಂತೀರೇನು? ಅದು ಹಳೇ ಭಯ. ಸಹಾಯ ಮಾಡಿದವರಿಗೆ ತೊಂದ್ರೆ ಕೊಡಬಾರದು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳೈತಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರೈತಿ. ರಸ್ತೆ ಅಪಘಾತದಾಗ ಸಹಾಯ ಮಾಡಿದವರಿಗೆ ಹೆಸರು, ವಿಳಾಸ ಹೇಳು ಅಂತ ಯಾರೂ ಬಲವಂತ ಮಾಡಂಗಿಲ್ಲ. ಕಾನೂನು ನಿಮ್ಮ ಕಡೆ ಐತಿ. ಉಳಿದಿದ್ದು ನೆಪ.

6/6
ಮಜಾಕ್ಕೆ 112 ಒತ್ತೋ ಶೂರರಿಗೂ ಒಂದು ಮಾತು: ನೀವು ನಗ್ತಾ ಹಿಡಿದ ಲೈನ್ ಇನ್ಯಾರದೋ ಉಸಿರಿಗೆ ಬೇಕಾಗಿತ್ತು. ಕೈತಪ್ಪಿ ಹತ್ತಿದ್ರ ಕಟ್ ಮಾಡಬ್ಯಾಡ್ರಿ, "ತಪ್ಪಿ ಬಂತು ಸರ್" ಅಂತ ಹೇಳಿ ಇಡ್ರಿ.
ಇವತ್ತ ಮನ್ಯಾಗ ಅವ್ವಗ, ಅಜ್ಜಿಗೆ ಕಲಸ್ರಿ: ಬಟನ್ ಫೋನಿನಾಗ 5 ಇಲ್ಲಾ 9 ಒತ್ತಿ ಹಿಡಿಯೋದು, ಸ್ಮಾರ್ಟ್‌ಫೋನಿನಾಗ ಪವರ್ ಬಟನ್ ಪಟಪಟ ಒತ್ತೋದು, ಸೆಟ್ಟಿಂಗ್ಸ್ ಒಮ್ಮೆ ನೋಡ್ಕೊರಿ.
ನಿಮ್ಮ ವಿಡಿಯೋಕ್ಕ ಸಾವಿರ ಲೈಕ್ ಬರಬಹುದು, ಆದ್ರ ಬಿದ್ದಾವನ ಮನಿಗೆ ಬೇಕಾಗಿರೋದು ಒಂದು ಫೋನ್. ಕ್ಲಾಸ್ ಗ್ರೂಪಿಗೆ ಕಳಿಸ್ರಿ.

#ಮೊದ್ಲು112 #ಹೊಸರಿತ್ತಿ #ಹಾವೇರಿ #ಬ್ಯಾಡಗಿ #ರಾಣೆಬೆನ್ನೂರು