ಕೊಂದರೆ ದುಡ್ಡು, ಸತ್ತರೆ ಸೊನ್ನೆ

ಹಂದಿಜ್ವರ ಅಂದ ಕೂಡಲೇ ನಮ್ಮ ಪುಣೆಯವರಿಗೆ ನೆನಪಾಗೋದು 2009. ಎಲ್ಲರ ಮುಖಕ್ಕೂ ಮಾಸ್ಕ್, ಮುಚ್ಚಿದ ಶಾಲೆಗಳು, ಆಸ್ಪತ್ರೆ ಮುಂದೆ ಉದ್ದದ ಕ್ಯೂ. ಅದು ಮನುಷ್ಯರಿಗೆ ಬಂದ ಫ್ಲೂ. ನಾನು ಹೇಳಹೊರಟಿರೋದು ಆಫ್ರಿಕನ್ ಹಂದಿಜ್ವರದ ಬಗ್ಗೆ. ಇದು ಮನುಷ್ಯರಿಗೆ ಬರೋದೇ ಇಲ್ಲ, ಹಂದಿಗಳಿಗೆ ಮಾತ್ರ. ಅದಕ್ಕೇ ಇರಬೇಕು, ಇಪ್ಪತ್ತೈದು ವರ್ಷದಿಂದ ಇಲ್ಲೇ ಇರೋ ನನಗೆ ಒಬ್ಬರ ಬಾಯಲ್ಲೂ ಇದರ ಸುದ್ದಿ ಕೇಳಿಸಿಲ್ಲ!

2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಈ ರೋಗ ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡಿತು. ಮರುವರ್ಷ ಮಿಜೋರಾಂ ಒಂದರಲ್ಲೇ ಮೂವತ್ತು ಸಾವಿರಕ್ಕೂ ಹೆಚ್ಚು ಹಂದಿಗಳು ಸತ್ತವು. 2022ರಲ್ಲಿ ನಮ್ಮ ಕೊಡಗಿನ ಪಕ್ಕದ ವಯನಾಡಿಗೂ ಬಂತು. ಈಶಾನ್ಯದಲ್ಲಿ ಎಷ್ಟೋ ಮನೆಗಳ ಹಿತ್ತಿಲಲ್ಲಿ ಎರಡೋ ಮೂರೋ ಹಂದಿ ಇರ್ತಾವೆ. ಮಕ್ಕಳ ಫೀಸಿಗೆ, ಆಸ್ಪತ್ರೆ ಖರ್ಚಿಗೆ ಅವೇ ಆ ಮನೆಯ ಬ್ಯಾಂಕು.

ರೋಗ ಬಂದ ಜಾಗದ ಸುತ್ತ 1 ಕಿ.ಮೀ. ಒಳಗಿನ ಹಂದಿಗಳನ್ನೆಲ್ಲ ಕೊಲ್ಲಬೇಕು, 10 ಕಿ.ಮೀ.ವರೆಗೆ ನಿಗಾ ಇಡಬೇಕು ಅನ್ನೋದು ನಿಯಮ. ಇದಕ್ಕೆ ನನ್ನ ತಕರಾರಿಲ್ಲ. ರೋಗ ತಗಲಿದ ಹಂದಿಯನ್ನು ಉಳಿಸೋ ಮದ್ದಿಲ್ಲ. ನನ್ನ ಜಗಳ ಇರೋದು ಪರಿಹಾರದ ಲೆಕ್ಕದ ಮೇಲೆ. ಕೇಂದ್ರದ ನೆರವಿನ ಪರಿಹಾರ ಸಿಗೋದು ಸರ್ಕಾರ ಕೊಂದ ಹಂದಿಗೆ. ರೋಗ ಬಂದು ತಾನಾಗೇ ಸತ್ತ ಹಂದಿಗೆ ಇಲ್ಲ.

ಈಗ ನೀವೇ ಯೋಚಿಸಿ ಸ್ವಾಮಿ. ಬೆಳಿಗ್ಗೆ ಒಂದು ಹಂದಿ ಮೇವು ಬಿಟ್ಟು ಮಲಗಿತು. ಸುದ್ದಿ ಮುಟ್ಟಿಸಿ, ಮಾದರಿ ಲ್ಯಾಬಿಗೆ ಹೋಗಿ, ಫಲಿತಾಂಶ ಬರೋವರೆಗೆ ಉಳಿದ ಎರಡೂ ಸತ್ತಿರ್ತಾವೆ. ಆಗ ಕೈಗೆ ಬರೋದು ಸೊನ್ನೆ. ಹಾಗಾದ್ರೆ ಆತ ಏನು ಮಾಡ್ತಾನೆ? ಬದುಕಿರೋದನ್ನ ಸಿಕ್ಕ ಬೆಲೆಗೆ ಮಾರ್ತಾನೆ, ಇಲ್ಲಾ ಕಡಿದು ಹಂಚ್ತಾನೆ. ಆ ಮಾಂಸದ ಜೊತೆ ವೈರಸ್ಸೂ ಮುಂದಿನ ಊರು ಸೇರುತ್ತೆ. ಮಾಂಸ ತೊಳೆದ ನೀರು, ಹೋಟೆಲ್ ಮುಸುರೆ ಕುದಿಸದೆ ಇನ್ನೊಂದು ಹಂದಿಗೆ ಹಾಕಿದರೆ ಸಾಕು. ಆಮೇಲೆ ನಾವು "ರೈತರಿಗೆ ತಿಳುವಳಿಕೆ ಇಲ್ಲ" ಅಂತ ಪಾಂಪ್ಲೆಟ್ ಹಂಚ್ತೀವಿ. ತಿಳುವಳಿಕೆ ಇಲ್ದೇ ಇರೋದು ಯಾರಿಗೆ?

ಸತ್ತದ್ದಕ್ಕೂ ಕೊಟ್ಟರೆ ಸುಳ್ಳು ಲೆಕ್ಕ ಬರೀತಾರೆ ಅನ್ನಬಹುದು. ಹಾಗಾದ್ರೆ ಮಾದರಿ ಪರೀಕ್ಷೆ ಇರೋದು ಯಾಕೆ? ಸತ್ತ ಕೂಡಲೇ ತಿಳಿಸಿದವನಿಗೆ, ರೋಗ ಖಚಿತವಾದರೆ, ಕೊಂದ ಹಂದಿಯಷ್ಟೇ ದುಡ್ಡು ಕೊಡಿ. ಅದೂ ವಾರದೊಳಗೆ ಕೊಡಿ. ಹತ್ತು ಹಳ್ಳಿಗೆ ಹಬ್ಬಿದ ಮೇಲೆ ಕೊಲ್ಲೋ ಖರ್ಚಿಗಿಂತ ಇದು ಕಡಿಮೆಯೇ.

ಹಂದಿ ಅಂದ್ರೆ ಮೂಗು ಮುಚ್ಚಿಕೊಳ್ಳೋ ಜನ ನಾವು. ಹಸು ಸತ್ತಾಗ ರೈತನ ನಷ್ಟ ನಮಗೆ ಅರ್ಥವಾಗುತ್ತೆ, ಹಂದಿ ಸತ್ತಾಗ ಯಾಕೆ ಆಗಲ್ಲ? ಏನಂತೀರಿ?